ಐರಿಷ್ ಬೆಳ್ಳಿಯ ಮೇಣದಬತ್ತಿ ಕಂಬಗಳು: ರೇಸ್ ಮೈದಾನದ ನಂಟನ್ನು ಬೆಳ್ಳಿಯಲ್ಲೇ ಓದುವ ಬಗೆ

ಐರ್ಲೆಂಡಿನ ಹಳೆಯ ಬೆಳ್ಳಿ ಹರಾಜಿಗೆ ಬಂದಾಗ ಅದರ ಜೊತೆಗೆ ಒಂದು ಕಥೆಯೂ ಬರುತ್ತದೆ. ಈ ಜೋಡಿ ಕಂಬ ಇಂಥ ಪ್ರಭುವಿನ ಊಟದ ಮೇಜಿನ ಮೇಲಿತ್ತು, ಆತ ಕರಾ ಎಂಬ ರೇಸ್ ಮೈದಾನದಲ್ಲಿ ಕುದುರೆ ಓಡಿಸುತ್ತಿದ್ದ, ಗೆದ್ದ ಹಣದಲ್ಲೇ ಇದನ್ನು ಮಾಡಿಸಿದ ಎಂದು ವಿವರಣೆಯಲ್ಲಿ ಬರೆದಿರುತ್ತಾರೆ. ಇಂಥ ಕಥೆಗಳಲ್ಲಿ ಕೆಲವು ನಿಜ, ಹಲವು ಊಹೆ. 18ನೇ ಶತಮಾನದ ಐರ್ಲೆಂಡಿನಲ್ಲಿ ದೊಡ್ಡ ಜಮೀನು, ಕುದುರೆ ಲಾಯ ಮತ್ತು ಬೆಳ್ಳಿ ಪಾತ್ರೆಗಳು ಬಹುಮಟ್ಟಿಗೆ ಒಂದೇ ಮನೆತನಗಳ ಕೈಯಲ್ಲಿದ್ದುದರಿಂದ ನಂಟು ಇರುವುದು ಅಸಹಜವೇನಲ್ಲ. ಆದರೆ ನಂಟು ಇರಬಹುದು ಎನ್ನುವುದಕ್ಕೂ ಇದೆ ಎನ್ನುವುದಕ್ಕೂ ಬೆಲೆಯಲ್ಲಿ ಬಹಳ ಅಂತರವಿದೆ. ಡಬ್ಲಿನ್ ಅಥವಾ ಲಂಡನ್ನಿನಲ್ಲಿ ನೆಲೆಸಿ ಹಳೆಯ ವಸ್ತುಗಳ ಅಂಗಡಿಗಳಿಗೆ ಹೋಗಿಬರುವ ಕನ್ನಡಿಗರಿಗೂ, ಊರಲ್ಲಿದ್ದುಕೊಂಡೇ ಹರಾಜಿನ ಪಟ್ಟಿಗಳನ್ನು ಓದುವ ಆಸಕ್ತರಿಗೂ ನೆರವಾಗಲೆಂದು, ಇಂಥ ಕಂಬವೊಂದನ್ನು ಕೈಗೆತ್ತಿಕೊಂಡಾಗ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕೊನೆಗೆ ನಂಬಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸಣ್ಣ ಟಾರ್ಚ್ ಮತ್ತು ಗ್ರಾಂ ಲೆಕ್ಕದ ತಕ್ಕಡಿ ಇದ್ದರೆ ಕೆಲಸ ಆರಂಭಿಸಬಹುದು.

ಮೊದಲು ಕಂಬವನ್ನು ತಲೆಕೆಳಗು ಮಾಡಿ

ಅಂದವಾದ ಮೇಲ್ಭಾಗವನ್ನು ಸ್ವಲ್ಪ ಹೊತ್ತು ಮರೆತು ತಳವನ್ನು ನೋಡಬೇಕು. 18ನೇ ಶತಮಾನದ ಮೊದಲರ್ಧ ಮತ್ತು ನಡುಭಾಗದ ಒಳ್ಳೆಯ ಕಂಬಗಳು ಎರಕದವು. ಪೀಠವನ್ನು ಒಂದು ಅಚ್ಚಿನಲ್ಲೂ, ದಂಡವನ್ನು ಉದ್ದಕ್ಕೆ ಸೀಳಿದಂಥ ಎರಡು ಅರ್ಧಗಳಾಗಿಯೂ ಎರಕ ಹೊಯ್ದು, ಆಮೇಲೆ ಬೆಸುಗೆ ಹಾಕಿ ಕೂಡಿಸುತ್ತಿದ್ದರು. ಇಂಥ ಕಂಬದ ತಳ ತೆರೆದಿರುತ್ತದೆ, ಒಳಗೆ ಟೊಳ್ಳು ಕಾಣುತ್ತದೆ, ಬೆಳ್ಳಿಯ ದಪ್ಪ ಕೈಗೆ ತಿಳಿಯುತ್ತದೆ. ದಂಡದ ಮೇಲೆ ಬಾಯಿಂದ ಬಿಸಿ ಉಸಿರು ಬಿಟ್ಟರೆ ಮಂಜು ಕವಿದ ಆ ಕ್ಷಣದಲ್ಲಿ ಎರಡು ಅರ್ಧಗಳು ಕೂಡಿದ ಗೆರೆ ಮೇಲಿನಿಂದ ಕೆಳಗಿನವರೆಗೆ ತೆಳ್ಳಗೆ ಮೂಡುವುದುಂಟು. ಹಳೆಯ ಎರಕದ ಕಂಬದಲ್ಲಿ ಈ ಗೆರೆ ಕಂಡರೆ ಅದು ದೋಷವಲ್ಲ, ಮಾಡಿದ ವಿಧಾನದ ಗುರುತು.

ತಳ ಮುಚ್ಚಿದ್ದರೆ, ಅಂದರೆ ಹಸಿರು ಬಟ್ಟೆಯನ್ನೋ ಮರದ ಬಿಲ್ಲೆಯನ್ನೋ ಅಂಟಿಸಿದ್ದರೆ, ಅದು ತೆಳು ತಗಡನ್ನು ಅಚ್ಚಿನಲ್ಲಿ ಒತ್ತಿ, ಒಳಗೆ ರಾಳದಂಥ ಪದಾರ್ಥವನ್ನು ತುಂಬಿಸಿ, ನಡುವೆ ಕಬ್ಬಿಣದ ಸರಳು ನಿಲ್ಲಿಸಿ ಮಾಡಿದ ಕಂಬವಿರಬಹುದು. ಈ ವಿಧಾನ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬೆಳೆಯಿತು. 1773ರಲ್ಲಿ ಅಲ್ಲಿ ಬೆಳ್ಳಿ ಪರೀಕ್ಷಾ ಕಚೇರಿ ಆರಂಭವಾದ ಮೇಲೆ ಇಂಥ ಕಂಬಗಳು ದೊಡ್ಡ ಸಂಖ್ಯೆಯಲ್ಲಿ ಹರಡಿದವು. ಅವುಗಳಲ್ಲಿಯೂ ಚೆಲುವಾದವು ಇವೆ. ಆದರೆ ತುಂಬಿಸಿದ ಕಂಬವನ್ನು ತೂಕದ ಲೆಕ್ಕದಲ್ಲಿ ಕೊಳ್ಳುವವರು ರಾಳಕ್ಕೂ ಕಬ್ಬಿಣಕ್ಕೂ ಬೆಳ್ಳಿಯ ಬೆಲೆ ತೆರುತ್ತಾರೆ. 1750ರ ಕಾಲದ ಡಬ್ಲಿನ್ ಕಂಬ ಎಂದು ಹೇಳುತ್ತಿರುವಾಗ ತಳ ತುಂಬಿದ್ದರೆ ಮಾತು ಅಲ್ಲಿಗೇ ನಿಲ್ಲಬೇಕು.

ಬತ್ತಿ ಸಿಕ್ಕಿಸುವ ತೂತಿನ ಮೇಲೆ ಕೂರುವ, ಕರಗಿದ ಮೇಣವನ್ನು ಹಿಡಿಯುವ ಬಿಡಿ ತಟ್ಟೆಯನ್ನೂ ಎತ್ತಿ ನೋಡಿ. ಸುಮಾರು 1740ರಿಂದೀಚೆಗೆ ಇವು ರೂಢಿಗೆ ಬಂದವು. ಬಿಡಿಯಾದ್ದರಿಂದ ಕಳೆದುಹೋಗುವುದೂ ಬೇರೆ ಜೋಡಿಯದು ಬಂದು ಸೇರುವುದೂ ಸಾಮಾನ್ಯ. ಅದರ ಮೇಲಿನ ಮುದ್ರೆ ಮತ್ತು ಲಾಂಛನ ಕಂಬದ ಮೇಲಿನದಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಂಡರೆ ಸಾಕು.

ಮುದ್ರೆಗಳನ್ನು ಓದುವುದು

ನಮ್ಮಲ್ಲಿ ಚಿನ್ನ ಕೊಳ್ಳುವಾಗ ಬಿಐಎಸ್ ಹಾಲ್‌ಮಾರ್ಕ್ ನೋಡುವ ಅಭ್ಯಾಸ ಈಗ ಎಲ್ಲರಿಗೂ ಇದೆ. ಡಬ್ಲಿನ್ನಿನಲ್ಲಿ ಅದೇ ಬಗೆಯ ವ್ಯವಸ್ಥೆ 1637ರಲ್ಲಿ, ಒಂದನೆಯ ಚಾರ್ಲ್ಸ್ ದೊರೆ ಅಲ್ಲಿನ ಅಕ್ಕಸಾಲಿಗರ ಸಂಘಕ್ಕೆ ಸನ್ನದು ಕೊಟ್ಟಾಗ ಗಟ್ಟಿಯಾಯಿತು. ಕಿರೀಟ ಹೊತ್ತ ಹಾರ್ಪ್ ವಾದ್ಯದ ಮುದ್ರೆ ಇದ್ದರೆ ಸಾವಿರಕ್ಕೆ 925 ಭಾಗ ಬೆಳ್ಳಿ ಎಂದರ್ಥ. ಅದರ ಜೊತೆಗೆ ಮಾಡಿದವರ ಹೆಸರಿನ ಮೊದಲಕ್ಷರಗಳು ಮತ್ತು ವರ್ಷ ಸೂಚಿಸುವ ಒಂದು ಅಕ್ಷರ ಇರಬೇಕು. 1730ರಲ್ಲಿ ಬೆಳ್ಳಿ ಕೆಲಸದ ಮೇಲೆ ಔನ್ಸಿಗೆ 6 ಪೆನ್ನಿ ಸುಂಕ ಬಂದಾಗ, ಸುಂಕ ಸಂದಿದೆ ಎಂಬುದಕ್ಕಾಗಿ ಕುಳಿತ ಹೆಣ್ಣಿನ ಆಕೃತಿಯ ಮುದ್ರೆಯೊಂದು ಸೇರಿತು. ಅದಕ್ಕೆ ಹೈಬರ್ನಿಯಾ ಎನ್ನುತ್ತಾರೆ. 1807ರಲ್ಲಿ ಸುಂಕದ ಗುರುತಾಗಿ ದೊರೆಯ ತಲೆಯ ಮುದ್ರೆ ಬಂತು, 1890ರಲ್ಲಿ ಸುಂಕ ರದ್ದಾಗುವವರೆಗೆ ಅದು ಉಳಿಯಿತು. ಹೈಬರ್ನಿಯಾ ಡಬ್ಲಿನ್ ಕಚೇರಿಯ ಗುರುತಾಗಿ ಮುಂದುವರಿಯಿತು.

ಇಷ್ಟನ್ನು ನೆನಪಿಟ್ಟುಕೊಂಡರೆ ಕಾಲದ ಅಂದಾಜು ಸುಲಭವಾಗುತ್ತದೆ. ಹಾರ್ಪ್ ಮಾತ್ರ ಇದ್ದು ಹೈಬರ್ನಿಯಾ ಇಲ್ಲದಿದ್ದರೆ 1730ಕ್ಕಿಂತ ಹಿಂದಿನದಿರಬಹುದು, ಹೈಬರ್ನಿಯಾ ಇದ್ದು ದೊರೆಯ ತಲೆ ಇಲ್ಲದಿದ್ದರೆ ಸಾಮಾನ್ಯವಾಗಿ 1730ರಿಂದ 1807ರ ನಡುವಿನದು, ಮೂರೂ ಇದ್ದರೆ 19ನೇ ಶತಮಾನದ್ದು. ವರ್ಷದ ಅಕ್ಷರವನ್ನೇ ನೆಚ್ಚಿಕೊಳ್ಳಬೇಡಿ. 18ನೇ ಶತಮಾನದ ನಡುಭಾಗದ ಡಬ್ಲಿನ್ ಬೆಳ್ಳಿಯಲ್ಲಿ ಆ ಅಕ್ಷರ ಇಲ್ಲದೆ ಹೋಗುವುದು ತೀರ ಸಾಮಾನ್ಯ, ಅದರಿಂದ ವಸ್ತುವಿನ ಮೇಲೆ ಅನುಮಾನ ಪಡಬೇಕಿಲ್ಲ. ಆಗ ಮಾಡಿದವರ ಮುದ್ರೆಯೇ ಆಧಾರ. ಥಾಮಸ್ ಬೋಲ್ಟನ್, ಡೇವಿಡ್ ಕಿಂಗ್, ಜಾನ್ ಹ್ಯಾಮಿಲ್ಟನ್, ರಾಬರ್ಟ್ ಕಾಲ್ಡರ್‌ವುಡ್ ಮುಂತಾದ ಡಬ್ಲಿನ್ ಕುಶಲಕರ್ಮಿಗಳ ಕೆಲಸದ ಕಾಲ ಚೆನ್ನಾಗಿ ದಾಖಲಾಗಿದೆ.

ಕಾರ್ಕ್ ಮತ್ತು ಲಿಮರಿಕ್ ಊರುಗಳ ಕೆಲಸಗಾರರು ಬೆಳ್ಳಿಯನ್ನು ಡಬ್ಲಿನ್ನಿಗೆ ಕಳಿಸುವ ದಾರಿಯ ಅಪಾಯಕ್ಕೂ ಖರ್ಚಿಗೂ ಹಿಂಜರಿದು, ‘ಸ್ಟರ್ಲಿಂಗ್’ ಎಂಬ ಪದವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಿದ್ದರು. ಹಾರ್ಪ್ ಇಲ್ಲವೆಂದು ಅಂಥದ್ದನ್ನು ಪಕ್ಕಕ್ಕಿಡುವುದು ದೊಡ್ಡ ತಪ್ಪಾಗುತ್ತದೆ. ಪ್ರಾಂತೀಯ ಊರುಗಳಲ್ಲಿ ಮಾಡಿದ ಕಂಬಗಳು ವಿರಳ, ಸಂಗ್ರಾಹಕರು ಅವನ್ನು ಹುಡುಕಿಕೊಂಡು ಬರುತ್ತಾರೆ.

ಮೋಸವನ್ನು ಹಿಡಿಯಲು ಒಂದು ಉಪಾಯವನ್ನು ಮರೆಯಬಾರದು. ಎರಕದ ಕಂಬದ ತಳದಲ್ಲಿ ಮುದ್ರೆಗಳನ್ನು ಒಂದೊಂದಾಗಿ ಕೈಯಿಂದಲೇ ಬಡಿದು ಒತ್ತುತ್ತಿದ್ದರು. ಹಾಗಾಗಿ ಜೋಡಿಯ ಎರಡು ಕಂಬಗಳಲ್ಲಿ ಮುದ್ರೆಯ ಓರೆ, ಆಳ, ಅಂಚಿನಿಂದ ಇರುವ ದೂರ ಒಂದೇ ಆಗಿರಲು ಸಾಧ್ಯವಿಲ್ಲ. ಎರಡರಲ್ಲೂ ಪ್ರತಿ ಮುದ್ರೆಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅದೇ ಜಾಗದಲ್ಲಿದ್ದರೆ, ಹಳೆಯ ನಿಜವಾದ ಒಂದು ಕಂಬದಿಂದ ಅಚ್ಚು ತೆಗೆದು ಮುದ್ರೆಸಮೇತ ಎರಕ ಹೊಯ್ದಿದ್ದಾರೆ ಎಂದು ತಿಳಿಯಬೇಕು. ಭೂತಗನ್ನಡಿಯಲ್ಲಿ ಆ ಮುದ್ರೆಗಳ ಅಂಚು ಮೊಂಡಾಗಿ, ಒಳಗೆ ಸಣ್ಣ ಗುಳಿಗಳು ಕಾಣುತ್ತವೆ.

ತೂಕ ಮತ್ತು ತಳದಲ್ಲಿ ಗೀಚಿದ ಅಂಕಿ

ಅಂದಿನ ಮನೆತನಗಳಿಗೆ ಬೆಳ್ಳಿ ಎಂದರೆ ಅಲಂಕಾರವೂ ಹೌದು, ಕೂಡಿಟ್ಟ ಹಣವೂ ಹೌದು. ಆದ್ದರಿಂದ ತಳದಲ್ಲಿ ತೂಕವನ್ನು ಸೂಜಿಯಂಥ ಮೊನೆಯಿಂದ ಗೀಚಿಡುತ್ತಿದ್ದರು. 22 ಮತ್ತು 10 ಎಂಬ ಎರಡು ಅಂಕಿ ಪಕ್ಕಪಕ್ಕದಲ್ಲಿದ್ದರೆ 22 ಟ್ರಾಯ್ ಔನ್ಸ್ ಮತ್ತು 10 ಪೆನ್ನಿವೇಟ್ ಎಂದರ್ಥ. ಒಂದು ಟ್ರಾಯ್ ಔನ್ಸ್ ಅಂದರೆ 31.1 ಗ್ರಾಂ, ಒಂದು ಔನ್ಸಿಗೆ 20 ಪೆನ್ನಿವೇಟ್. ಹಾಗಾಗಿ ಈ ಕಂಬ ಮೊದಲಿಗೆ ಸುಮಾರು 700 ಗ್ರಾಂ ಇತ್ತು. ಇಂದು 685 ಗ್ರಾಂ ತೂಗಿದರೆ ಎರಡು ಶತಮಾನಗಳ ಉಜ್ಜಾಟಕ್ಕೆ ಅಷ್ಟು ಸವೆತ ಸಹಜ. 560ಕ್ಕೆ ಇಳಿದಿದ್ದರೆ, ತೂಕ ಬರೆದಾಗ ಬಿಡಿ ತಟ್ಟೆಯೂ ಸೇರಿತ್ತೇ ಎಂದು ಮೊದಲು ಕೇಳಿ. ಅದಕ್ಕೂ ಲೆಕ್ಕ ಹೊಂದದಿದ್ದರೆ ಯಾವುದೋ ಭಾಗ ಬದಲಾಗಿದೆ. ತೂಕ ಏರಿದ್ದರೆ ದುರಸ್ತಿಯಲ್ಲಿ ಲೋಹ ಸೇರಿದೆ. ಕೆಲವು ಮನೆಗಳಲ್ಲಿ ಕಂಬಗಳಿಗೆ ಕ್ರಮಸಂಖ್ಯೆಯನ್ನೂ ಕೊಡುತ್ತಿದ್ದರು. 3 ಮತ್ತು 4 ಎಂಬ ಸಂಖ್ಯೆಯ ಜೋಡಿ ಸಿಕ್ಕರೆ ಅದೇ ಗುಂಪಿನ ಉಳಿದವು ಬೇರೆಲ್ಲೋ ಇವೆ ಎಂದು ಊಹಿಸಬಹುದು, ಹಳೆಯ ಹರಾಜಿನ ದಾಖಲೆಗಳಲ್ಲಿ ಹುಡುಕಲು ಅದು ಒಳ್ಳೆಯ ಎಳೆ.

ಲಾಂಛನ: ಯಾರದು, ಯಾವಾಗಿನದು

ಕಥೆಯ ನಿಜವಾದ ತೀರ್ಮಾನ ಆಗುವುದು ಇಲ್ಲಿ. ಪೀಠದ ಮೇಲೆ ಕೆತ್ತಿದ ವಂಶಲಾಂಛನ ಮನೆತನವನ್ನು ಹೇಳುತ್ತದೆ, ಅದರ ಮೇಲಿನ ಕಿರೀಟ ಪದವಿಯನ್ನು ಹೇಳುತ್ತದೆ, ಎರಡನ್ನೂ ಸೇರಿಸಿದರೆ ಎಷ್ಟೋ ಸಲ ಕೆತ್ತಿದ ಕಾಲವೂ ಸಿಗುತ್ತದೆ. ಕಿರೀಟಗಳಲ್ಲಿ ಎದುರಿನಿಂದ ಕಾಣುವ ಆಕೃತಿಗಳನ್ನು ಎಣಿಸಬೇಕು. ಮೇಲಿನ ಪದವಿಯಿಂದ ಕೆಳಕ್ಕೆ ಹೇಳುವುದಾದರೆ, ಡ್ಯೂಕ್ ಪದವಿಗೆ ಐದು ಸ್ಟ್ರಾಬೆರಿ ಎಲೆಗಳು. ಮಾರ್ಕ್ವೆಸ್‌ಗೆ ಮೂರು ಎಲೆ, ನಡುವೆ ಎರಡು ಗುಂಡು. ಅರ್ಲ್‌ಗೆ ಎತ್ತರದ ಮೊನೆಗಳ ಮೇಲೆ ಐದು ಗುಂಡು, ನಡುವೆ ಕೆಳಗೆ ಎಲೆಗಳು. ಬ್ಯಾರನ್‌ಗೆ ಬರೀ ನಾಲ್ಕು ಗುಂಡು.

ಕಿಲ್ಡೇರ್ ಕೌಂಟಿಯ ಫಿಟ್ಜ್‌ಜೆರಾಲ್ಡ್ ಮನೆತನದ ಲಾಂಛನವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅವರ ಶಿರೋಲಾಂಛನ, ಅಂದರೆ ಗುರಾಣಿಯ ಮೇಲೆ ಕೂರುವ ಗುರುತು, ಸೊಂಟಕ್ಕೆ ಪಟ್ಟಿ ಮತ್ತು ಸರಪಣಿ ಕಟ್ಟಿದ ಒಂದು ಕೋತಿ. ಕೋಟೆಗೆ ಬೆಂಕಿ ಬಿದ್ದಾಗ ತೊಟ್ಟಿಲಲ್ಲಿದ್ದ ಕೂಸನ್ನು ಸಾಕಿದ ಕೋತಿಯೊಂದು ಎತ್ತಿಕೊಂಡು ಉಳಿಸಿತು, ಆ ಕೂಸೇ ಮುಂದೆ ಮೊದಲ ಅರ್ಲ್ ಆಫ್ ಕಿಲ್ಡೇರ್ ಆದ ಎಂಬುದು ಆ ವಂಶದಲ್ಲಿ ತಲೆತಲಾಂತರದಿಂದ ಬಂದ ಐತಿಹ್ಯ. ಈ ಮನೆತನದ ಜೇಮ್ಸ್ ಫಿಟ್ಜ್‌ಜೆರಾಲ್ಡ್ 1744ರಲ್ಲಿ 20ನೇ ಅರ್ಲ್ ಆದರು, 1761ರಲ್ಲಿ ಮಾರ್ಕ್ವೆಸ್ ಆಫ್ ಕಿಲ್ಡೇರ್, 1766ರಲ್ಲಿ ಡ್ಯೂಕ್ ಆಫ್ ಲೆನ್‌ಸ್ಟರ್. ಅವರ ಕೋತಿಯ ಮೇಲೆ ಅರ್ಲ್ ಕಿರೀಟವಿದ್ದರೆ ಕೆತ್ತನೆ 1761ಕ್ಕಿಂತ ಹಿಂದಿನದು, ಐದು ಎಲೆಗಳಿದ್ದರೆ 1766ರ ನಂತರದ್ದು. ಮಾರ್ಕ್ವೆಸ್ ಕಿರೀಟದ ಬಗ್ಗೆ ಎಚ್ಚರ ಬೇಕು: 1766ರ ನಂತರ ಡ್ಯೂಕರ ಹಿರಿಯ ಮಗ ಮಾರ್ಕ್ವೆಸ್ ಆಫ್ ಕಿಲ್ಡೇರ್ ಎಂದು ಕರೆಸಿಕೊಳ್ಳುತ್ತಿದ್ದುದರಿಂದ ಅದು ಮಗನದೂ ಆಗಿರಬಹುದು. ಅದೇ ವಂಶದ ಬೇರೆ ಕವಲುಗಳವರೂ ಕೋತಿಯನ್ನು ಬಳಸಿದ್ದುಂಟು, ಹಾಗಾಗಿ ಕಿರೀಟವಿಲ್ಲದ ಒಂಟಿ ಕೋತಿಯಿಂದ ಡ್ಯೂಕರ ಮನೆಯನ್ನು ತಲುಪಲಾಗದು.

ಪೂರ್ತಿ ಗುರಾಣಿ ಕೆತ್ತಿದ್ದರೆ ಇನ್ನೂ ಹೆಚ್ಚು ತಿಳಿಯುತ್ತದೆ. ಗುರಾಣಿಯನ್ನು ನಡುವೆ ಸೀಳಿ ನೋಡುವವರ ಎಡಕ್ಕೆ ಗಂಡನ ವಂಶ, ಬಲಕ್ಕೆ ಹೆಂಡತಿಯ ತವರಿನ ಲಾಂಛನ ಕೆತ್ತುವುದು ಪದ್ಧತಿ. ಜೇಮ್ಸ್ 1747ರಲ್ಲಿ ರಿಚ್ಮಂಡ್ ಡ್ಯೂಕರ ಮಗಳು ಎಮಿಲಿ ಲೆನಾಕ್ಸ್ ಅವರನ್ನು ಮದುವೆಯಾದರು. ಎಡಕ್ಕೆ ಫಿಟ್ಜ್‌ಜೆರಾಲ್ಡರ ಓರೆ ಶಿಲುಬೆ, ಬಲಕ್ಕೆ ಅಂಚುಪಟ್ಟಿಯೊಳಗೆ ಇಂಗ್ಲೆಂಡಿನ ರಾಜಲಾಂಛನವನ್ನು ಹೋಲುವ ಲೆನಾಕ್ಸ್ ಗುರುತು, ಮೇಲೆ ಅರ್ಲ್ ಕಿರೀಟ ಕಂಡರೆ ಕೆತ್ತನೆ 1747ರಿಂದ 1761ರ ನಡುವಿನದೆಂದು ಧೈರ್ಯವಾಗಿ ಹೇಳಬಹುದು. ಬೆಳ್ಳಿಯ ಮೇಲೆ ಒಂದೇ ಒಂದು ಅಂಕಿ ಇಲ್ಲದಿದ್ದರೂ ಇಷ್ಟು ಖಚಿತವಾದ ಕಾಲ ಸಿಗುತ್ತದೆ ಎಂಬುದೇ ಈ ವಿದ್ಯೆಯ ಮೇಲಿನ ನನ್ನ ಒಲವಿಗೆ ಕಾರಣ.

ಗುರುತಿಸಲಾಗದ ಲಾಂಛನಗಳಿಗೆ ಐರ್ಲೆಂಡಿನ ಮುಖ್ಯ ಹೆರಾಲ್ಡ್, ಅಂದರೆ ವಂಶಲಾಂಛನಗಳ ಅಧಿಕಾರಿ, ಅವರ ಕಚೇರಿ ಇದೆ. ಅದು ಡಬ್ಲಿನ್ನಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಿದ್ದು. ಮುಂದಿನ ಪರೀಕ್ಷೆ ಲಾಂಛನದ ಸಾಚಾತನದ್ದು. ಹಳೆಯ ಮಾಲೀಕನ ಗುರುತನ್ನು ಉಜ್ಜಿ ಅಳಿಸಿ ಹೊಸದನ್ನು ಕೆತ್ತಿದ್ದರೆ ಅಲ್ಲಿ ಬೆಳ್ಳಿ ತೆಳುವಾಗಿರುತ್ತದೆ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸ್ವಲ್ಪ ಬಳುಕುತ್ತದೆ, ಉಸಿರು ಬಿಟ್ಟರೆ ಹಳೆಯ ಗೆರೆಗಳ ನೆರಳು ಕಾಣುತ್ತದೆ. ಸುತ್ತಲಿನ ಬೆಳ್ಳಿ ಸವೆದು ನುಣುಪಾಗಿದ್ದು ಕೆತ್ತನೆಯ ಅಂಚು ಮಾತ್ರ ಹರಿತವಾಗಿದ್ದರೆ ಕೆತ್ತನೆ ಈಚಿನದು.

ರೇಸಿನ ಮಾತನ್ನು ಒರೆಗೆ ಹಚ್ಚುವುದು

ಮೊದಲೇ ಸ್ಪಷ್ಟಪಡಿಸಬೇಕಾದ ಸಂಗತಿಯೆಂದರೆ, ರೇಸಿನ ಬಹುಮಾನವಾಗಿ ಕೊಡುತ್ತಿದ್ದ ಬೆಳ್ಳಿ ಹೆಚ್ಚಾಗಿ ಎರಡು ಹಿಡಿಯ ಕಪ್ಪುಗಳು ಮತ್ತು ದೊಡ್ಡ ಬಟ್ಟಲುಗಳು. ಮೇಣದಬತ್ತಿ ಕಂಬಗಳ ರೇಸಿನ ನಂಟು ಬಹುತೇಕ ಮಾಲೀಕನ ಮೂಲಕ ಬರುವಂಥದ್ದು. ಅದು ಎರಡನೆಯ ದರ್ಜೆಯ ನಂಟೇನೂ ಅಲ್ಲ, ಆದರೆ ಬೇರೆ ಬಗೆಯದು. ಮಾರುವವರು ಎರಡನ್ನೂ ಬೆರೆಸಿ ಹೇಳಿದಾಗ ಬಿಡಿಸಿ ಕೇಳಬೇಕು.

ಅದೇ ಕಿಲ್ಡೇರ್ ಕೌಂಟಿಯಲ್ಲಿ ಕರಾ ಎಂಬ ವಿಶಾಲ ಹುಲ್ಲುಗಾವಲಿದೆ. ಅಲ್ಲಿ ನಡೆದ ರೇಸಿನ ಮೊದಲ ದಾಖಲೆ 1727ರದ್ದು. ಫಿಟ್ಜ್‌ಜೆರಾಲ್ಡರ ಮನೆಯಾದ ಕಾರ್ಟನ್ ಭವನದ ಎಮಿಲಿಯ ತಂಗಿ ಲೂಯಿಸಾ, ನೆರೆಯ ಕ್ಯಾಸಲ್‌ಟೌನ್ ಭವನದ ಥಾಮಸ್ ಕಾನಲಿ ಅವರ ಪತ್ನಿ. ಕಾನಲಿ ರೇಸ್ ಕುದುರೆಗಳನ್ನು ಸಾಕಿದವರು, ರಾಬರ್ಟ್ ಹೀಲಿ ಎಂಬ ಕಲಾವಿದ 1760ರ ದಶಕದ ಕೊನೆಯಲ್ಲಿ ಅವರ ಕುದುರೆಗಳನ್ನು ಚಿತ್ರಿಸಿದ್ದಾರೆ. ಈ ಅಕ್ಕತಂಗಿಯರ ಸೋದರ, ಮೂರನೆಯ ಡ್ಯೂಕ್ ಆಫ್ ರಿಚ್ಮಂಡ್, ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ 1802ರಲ್ಲಿ ರೇಸ್ ಆರಂಭಿಸಿದವರು. ಒಂದು ಮದುವೆಯ ಗುರಾಣಿಯ ಹಿಂದೆ ಇಷ್ಟೆಲ್ಲ ಇದೆ. ಹಾಗೆಂದು ಕೋತಿಯ ಗುರುತಿರುವ ಕಂಬವನ್ನೆಲ್ಲ ರೇಸಿನ ಬೆಳ್ಳಿ ಎಂದು ಕರೆದರೆ ಅದು ನೆರೆಹೊರೆಯ ಆಧಾರವಷ್ಟೇ. ಕಾನಲಿ ಲಾಂಛನದ ಕಂಬ ಮತ್ತು ಅವರ ಕುದುರೆಯ ದಾಖಲೆ ಒಟ್ಟಿಗೆ ಸಿಕ್ಕರೆ ಅದು ಪುರಾವೆ.

ಪದವಿಯ ಲೆಕ್ಕ ಇಲ್ಲಿಯೂ ಕೈಹಿಡಿಯುತ್ತದೆ. 1751ರಲ್ಲಿ ಕರಾದಲ್ಲಿ ಸರ್ ರಾಲ್ಫ್ ಗೋರ್ ಅವರ ‘ಬ್ಲ್ಯಾಕ್ ಅಂಡ್ ಆಲ್ ಬ್ಲ್ಯಾಕ್’ ಎಂಬ ಕುದುರೆ ಅರ್ಲ್ ಆಫ್ ಮಾರ್ಚ್ ಅವರ ಬಜಾಜೆಟ್‌ನ್ನು ಸೋಲಿಸಿದ ಪಂದ್ಯ ಆ ಕಾಲದಲ್ಲಿ ದೊಡ್ಡ ಸುದ್ದಿ. ಆಗ ಗೋರ್ ಇನ್ನೂ ಬ್ಯಾರನೆಟ್, ಅಂದರೆ ಬ್ಯಾರನ್‌ಗಿಂತ ಕೆಳಗಿನ ಪದವಿಯವರು. ಅವರು ಅರ್ಲ್ ಆಫ್ ರಾಸ್ ಆದದ್ದು 1772ರಲ್ಲಿ. ಆ ಗೆಲುವಿನ ಹಣದಲ್ಲಿ ಮಾಡಿಸಿದ್ದು ಎಂಬ ಕಂಬದ ಮೇಲೆ ಅರ್ಲ್ ಕಿರೀಟವಿದ್ದರೆ, ಕೆತ್ತನೆಯಾದರೂ ಆಮೇಲಿನದು ಎಂದೇ ತಿಳಿಯಬೇಕು. ಬ್ಯಾರನೆಟ್ ಪದವಿಗೆ ಕಿರೀಟವಿಲ್ಲ, ಗುರಾಣಿಯಲ್ಲಿ ಅಲ್ಸ್ಟರ್‌ನ ಕೆಂಪು ಹಸ್ತದ ಗುರುತಿರುತ್ತದೆ.

ಕಾರ್ಕ್ ಕಡೆಯ ಬೆಳ್ಳಿಗೆ ಬೇರೊಂದು ಕಥೆಯನ್ನು ಅಂಟಿಸುತ್ತಾರೆ. 1752ರಲ್ಲಿ ಎಡ್ಮಂಡ್ ಬ್ಲೇಕ್ ಮತ್ತು ಕಾರ್ನೀಲಿಯಸ್ ಓ’ಕ್ಯಾಲಹನ್ ಎಂಬಿಬ್ಬರು ಬಟವೆಂಟ್ ಚರ್ಚಿನಿಂದ ಡೊನೆರೇಲ್ ಚರ್ಚಿನವರೆಗೆ ಬೇಲಿ, ಕಾಲುವೆಗಳನ್ನು ಹಾರಿಸುತ್ತ ಸುಮಾರು 7 ಕಿಲೋಮೀಟರ್ ಕುದುರೆ ಓಡಿಸಿದರು. ಗೋಪುರದಿಂದ ಗೋಪುರಕ್ಕೆ ಓಡುವ ಸ್ಟೀಪಲ್‌ಚೇಸ್ ಹುಟ್ಟಿದ್ದೇ ಅಲ್ಲಿ ಎನ್ನುತ್ತಾರೆ. ಡೊನೆರೇಲ್ ಸೇಂಟ್ ಲೆಜರ್ ಮನೆತನದ ಊರು, ಮತ್ತು ಇದೇ ವಂಶದ ಇನ್ನೊಂದು ಕವಲಿನ ಆಂಥೊನಿ ಸೇಂಟ್ ಲೆಜರ್ 1776ರಲ್ಲಿ ಇಂಗ್ಲೆಂಡಿನ ಡಾನ್‌ಕಾಸ್ಟರ್‌ನಲ್ಲಿ ಆರಂಭಿಸಿದ ಓಟ ಇಂದಿಗೂ ಅವರ ಹೆಸರಿನಲ್ಲಿದೆ. ‘ಸ್ಟರ್ಲಿಂಗ್’ ಮುದ್ರೆಯ ಜೊತೆಗೆ ಈ ಮನೆತನದ ಲಾಂಛನವೂ ಇದ್ದರೆ ಸಂತೋಷಪಡಲು ಕಾರಣವುಂಟು. ಬರೀ ಕಾರ್ಕ್‌ನಲ್ಲಿ ಮಾಡಿದ್ದು ಎಂಬುದರಿಂದ 1752ರ ಪಂದ್ಯಕ್ಕೆ ಸೇತುವೆ ಕಟ್ಟಲಾಗದು.

ಬೆಳ್ಳಿಯ ಮೇಲೆ ರೇಸಿನ ಬರಹವೇ ಇದ್ದರೆ ವರ್ಷವನ್ನು ಹೊಂದಿಸಿ ನೋಡಿ. ಐರಿಷ್ ರೇಸಿನ ಆಡಳಿತ ನೋಡಿಕೊಂಡ ಟರ್ಫ್ ಕ್ಲಬ್ ಸ್ಥಾಪನೆಯಾದದ್ದು 1790ರಲ್ಲಿ. ಐರಿಷ್ ಡರ್ಬಿ ಮೊದಲು ಓಡಿದ್ದು 1866ರಲ್ಲಿ, ಗಾಲ್ವೇಯ ಬ್ಯಾಲಿಬ್ರಿಟ್ ರೇಸ್ 1869ರಲ್ಲಿ, ಫೇರಿಹೌಸ್‌ನ ಐರಿಷ್ ಗ್ರ್ಯಾಂಡ್ ನ್ಯಾಷನಲ್ 1870ರಲ್ಲಿ. ಲೆಪರ್ಡ್ಸ್‌ಟೌನ್ ಮೈದಾನ ತೆರೆದದ್ದು 1888ರಲ್ಲಿ. ಇವುಗಳ ಹೆಸರು ಆ ವರ್ಷಕ್ಕಿಂತ ಹಿಂದಿನ ಕಾಲದ್ದೆಂಬ ಬರಹದಲ್ಲಿ ಬಂದರೆ ಉಳಿದ ಪರೀಕ್ಷೆಯೇ ಬೇಡ. 1750ರ ಕಂಬದ ಮೇಲೆ 1870ರ ಬರಹವಿರುವುದು ಮಾತ್ರ ಮೋಸವಲ್ಲ; ಹಳೆಯ ಬೆಳ್ಳಿಯನ್ನು ಉಡುಗೊರೆಯಾಗಿ ಕೊಡುವಾಗ ಹೊಸ ಬರಹ ಕೆತ್ತಿಸುವುದು ವಿಕ್ಟೋರಿಯಾ ಕಾಲದಲ್ಲಿ ಇತ್ತು. ಕುದುರೆಯ ಹೆಸರು, ಮಾಲೀಕ, ಮೈದಾನ ಮತ್ತು ವರ್ಷ ನಾಲ್ಕೂ ಇದ್ದರೆ ಅದನ್ನು ರೇಸಿಂಗ್ ಕ್ಯಾಲೆಂಡರ್‌ಗಳಲ್ಲಿ ಹುಡುಕಬಹುದು: ಇಂಗ್ಲೆಂಡಿನ ವಾರ್ಷಿಕ ಪಟ್ಟಿಗಳು 1727ರಿಂದಲೂ, ಐರಿಷ್ ಕ್ಯಾಲೆಂಡರ್ 1790ರಿಂದಲೂ ಇವೆ. ಒಂದೇ ಹೆಸರಿನ ಕುದುರೆಗಳು ಹಲವಿದ್ದುದರಿಂದ ಹೆಸರೊಂದೇ ಹೊಂದಿದರೆ ಸಾಲದು, ಮಾಲೀಕನೂ ಹೊಂದಬೇಕು.

ಕಾಗದಪತ್ರ

ಐರಿಷ್ ಮನೆತನದ ಬೆಳ್ಳಿ ಎಲ್ಲವೂ ಐರ್ಲೆಂಡಿನಲ್ಲಿ ಮಾಡಿದ್ದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಕಿಲ್ಡೇರ್ ಅರ್ಲ್ ಅವರ ಹೆಸರಾಂತ ಊಟದ ಸೆಟ್ಟನ್ನು 1745ರಿಂದ 1747ರ ನಡುವೆ ಮಾಡಿದ್ದು ಲಂಡನ್ನಿನ ಜಾರ್ಜ್ ವಿಕ್ಸ್. 2012ರಲ್ಲಿ ಅದು ಲಂಡನ್ನಿನ ಹರಾಜಿನಲ್ಲಿ 17 ಲಕ್ಷ ಪೌಂಡ್‌ಗೂ ಹೆಚ್ಚಿಗೆ ಹೋಯಿತು. ಹಾಗಾಗಿ ‘ಐರಿಷ್ ಕಂಬ’ ಎಂದರೆ ಡಬ್ಲಿನ್ ಕೆಲಸವೋ, ಐರಿಷ್ ಮನೆಯ ಒಡವೆಯೋ ಎಂದು ಮಾರುವವರನ್ನು ನೇರವಾಗಿ ಕೇಳಿ.

ಈ ಬೆಳ್ಳಿ ಮನೆಗಳನ್ನು ಬಿಟ್ಟು ಹೊರಟದ್ದು ಹೇಗೆ ಎಂಬುದೂ ಮುಖ್ಯ. 1903ರ ಭೂ ಕಾಯಿದೆಯ ನಂತರ ಜಮೀನುಗಳು ಗೇಣಿದಾರರಿಗೆ ಹೋದವು, 1922–23ರ ಅಂತರ್ಯುದ್ಧದಲ್ಲಿ ಹಲವು ದೊಡ್ಡ ಮನೆಗಳು ಸುಟ್ಟವು. ಏಳನೆಯ ಡ್ಯೂಕ್ ಆಫ್ ಲೆನ್‌ಸ್ಟರ್ ಜೂಜಿನ ಸಾಲ ತೀರಿಸಲು ಕಾರ್ಟನ್ ಆಸ್ತಿಯ ಮೇಲಿನ ತಮ್ಮ ಹಕ್ಕನ್ನು ಪದವಿ ಬರುವ ಮೊದಲೇ ಮಾರಿಕೊಂಡಿದ್ದರು. ಕ್ಯಾಸಲ್‌ಟೌನ್‌ನ ಸಾಮಾನುಗಳು 1966ರಲ್ಲಿ ಹರಾಜಾದವು. ಮಾರುವವರು ಇಂಥ ಹರಾಜನ್ನು ಹೆಸರಿಸಿದರೆ ಅದರ ಪಟ್ಟಿಯ ಕ್ರಮಸಂಖ್ಯೆಯನ್ನು ಕೇಳಿ, ಅಲ್ಲಿ ಬರೆದ ತೂಕವನ್ನು ನಿಮ್ಮ ತಕ್ಕಡಿಯ ತೂಕದೊಂದಿಗೆ ಹೋಲಿಸಿ. ಕೊಳ್ಳುವಾಗ ರಸೀದಿಯಲ್ಲಿ ಮಾಡಿದವರು, ಊರು, ಅಂದಾಜು ವರ್ಷ, ಗ್ರಾಂ ತೂಕ, ಲಾಂಛನದ ಗುರುತು ಎಲ್ಲವನ್ನೂ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ರೇಸಿನ ಕಥೆ ಹೇಳಿ ರಸೀದಿಯಲ್ಲಿ ಬರೆಯಲು ಹಿಂಜರಿಯುವವರಿಗೆ ಆ ಕಥೆಯ ಬೆಲೆಯನ್ನು ಕೊಡಬೇಕಾಗಿಲ್ಲ. ಡಬ್ಲಿನ್ನಿನಲ್ಲಿರುವವರು ಕೊಳ್ಳುವ ಮೊದಲು ಕಾಲಿನ್ಸ್ ಬ್ಯಾರಕ್ಸ್‌ನಲ್ಲಿರುವ ರಾಷ್ಟ್ರೀಯ ಸಂಗ್ರಹಾಲಯದ ಬೆಳ್ಳಿ ವಿಭಾಗವನ್ನು ನಿಧಾನವಾಗಿ ನೋಡಿಬರುವುದು ಒಳ್ಳೆಯದು.

ಮನೆಗೆ ತಂದ ಮೇಲೆ

ನಮ್ಮ ಮನೆಗಳಲ್ಲಿ ಬೆಳ್ಳಿ ದೀಪಗಳನ್ನು ವಿಭೂತಿಯಿಂದಲೋ ಹುಣಸೆಹಣ್ಣಿನಿಂದಲೋ ತಿಕ್ಕಿ ಬೆಳಗುವ ರೂಢಿಯಿದೆ. ಈ ಕಂಬಗಳಿಗೆ ದಯವಿಟ್ಟು ಅದನ್ನು ಮಾಡಬೇಡಿ. ಪುಡಿ ತಿಕ್ಕಿದಷ್ಟೂ ಕೆತ್ತನೆ ಸವೆಯುತ್ತದೆ, ಮತ್ತು ಸವೆದು ಹೋಗುವುದು ಮೇಲೆ ಹೇಳಿದ ಪುರಾವೆಯೇ. ಉಗುರುಬೆಚ್ಚಗಿನ ನೀರು, ಒಂದೆರಡು ಹನಿ ಸೌಮ್ಯ ಸೋಪು, ಮೆತ್ತನೆಯ ಹತ್ತಿ ಬಟ್ಟೆ ಸಾಕು. ತೊಳೆದ ಕೂಡಲೇ ಒರೆಸಿ ಒಣಗಿಸಬೇಕು. ಕಪ್ಪು ಹೆಚ್ಚಾದಾಗ ಮಾತ್ರ ಬೆಳ್ಳಿಗೆಂದೇ ಇರುವ ಕ್ರೀಮನ್ನು ಮಿತವಾಗಿ ಬಳಸಿ, ಕೆತ್ತನೆಯ ಗೆರೆಗಳ ಒಳಗಿನ ಕಪ್ಪನ್ನು ಹಾಗೆಯೇ ಬಿಡಿ. ಲಾಂಛನ ಓದಲು ಆಗುವುದು ಅದರಿಂದಲೇ. ಅಂಟಿದ ಮೇಣವನ್ನು ಚಾಕುವಿನಿಂದ ಕೆರೆಯದೆ ಬೆಚ್ಚಗಿನ ನೀರಿನಲ್ಲಿ ಸಡಿಲಿಸಿ ತೆಗೆಯಬಹುದು. ಆದರೆ ತಳ ತುಂಬಿದ ಕಂಬವನ್ನು ನೀರಿನಲ್ಲಿ ಮುಳುಗಿಸಬಾರದು, ಬಿಸಿಗೆ ಒಳಗಿನ ರಾಳ ಮೆದುವಾಗುತ್ತದೆ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ಮತ್ತು ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟರೆ ಬೆಳ್ಳಿ ಬೇಗ ಕಪ್ಪಾಗುತ್ತದೆ. ಮಳೆಗಾಲದ ತೇವವಿರುವ ಊರುಗಳಲ್ಲಿ ಇನ್ನೂ ಬೇಗ. ಆಮ್ಲವಿಲ್ಲದ ತೆಳು ಕಾಗದದಲ್ಲಿ ಸುತ್ತಿ ಒಣ ಜಾಗದಲ್ಲಿಡಿ. ಮುದ್ರೆ, ಗೀಚಿದ ತೂಕ ಮತ್ತು ಲಾಂಛನಗಳ ಹತ್ತಿರದ ಫೋಟೊಗಳನ್ನು ಕೊಂಡ ದಿನವೇ ತೆಗೆದು ರಸೀದಿಯ ಜೊತೆ ಒಂದೇ ಕಡೆ ಇರಿಸಿ. ಮುಂದೆ ಕಂಬವನ್ನು ಮಾರುವಾಗಲೋ ಮಕ್ಕಳಿಗೆ ಕೊಡುವಾಗಲೋ ಆ ಕಾಗದಗಳನ್ನೂ ಅದರೊಂದಿಗೇ ಕೊಡಿ.